ಪೆಲ್‌ಹರ್ಸ್ಟಿನ ಕೊಸರು

ಮೂವತ್ತೊಂದು ವರ್ಷ ಲಂಡನ್ನಿನ ಇಲ್ಫರ್ಡಿನಲ್ಲಿ ಅಂಚೆ ಹಂಚಿದವನು ನಾನು. ಹೀಗಾಗಿ ಯಾವ ಊರನ್ನಾದರೂ ಬಾಗಿಲುಗಳಿಂದಲೇ ಅಳೆಯುತ್ತೇನೆ. ಇಲ್ಫರ್ಡಿನಲ್ಲಿ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಾಲ್ಕೇ ಹೆಜ್ಜೆ. ಮನೆಗಳೆಲ್ಲ ಹೆಗಲಿಗೆ ಹೆಗಲು ಹಚ್ಚಿ ನಿಂತಿರುತ್ತವೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರನೆಯ ಮನೆಯವರು ಸೀನುತ್ತಾರೆ. ಪೆಲ್‌ಹರ್ಸ್ಟಿನಲ್ಲಿ ಗೇಟಿನಿಂದ ಬಾಗಿಲಿಗೇ ನಲವತ್ತು ಹೆಜ್ಜೆ. ಇಲ್ಲಿ ಅಂಚೆ ಹಂಚಬೇಕಾಗಿ ಬಂದಿದ್ದರೆ ನನ್ನ ಮೊಣಕಾಲು ಹತ್ತು ವರ್ಷ ಮೊದಲೇ ಕೈಕೊಡುತ್ತಿತ್ತು.

ಪೆಲ್‌ಹರ್ಸ್ಟ್ ಲಂಡನ್ನಿನ ಪೂರ್ವದ ಅಂಚಿನಲ್ಲಿದೆ. ಡಿಸ್ಟ್ರಿಕ್ಟ್ ಲೈನ್ ಟ್ಯೂಬು ರೈಲು ಮುಗಿಯುವ ಅಪ್‌ಮಿನ್‌ಸ್ಟರಿನಲ್ಲಿ ಇಳಿದು, ಅರ್ಧ ತಾಸಿಗೊಮ್ಮೆ ಬರುವ ಕೆಂಪು ಬಸ್ಸು ಹಿಡಿಯಬೇಕು. ಬಸ್ಸಿನ ಮುಂದೆ ಒಮ್ಮೊಮ್ಮೆ ಎರಡು ಕುದುರೆಗಳು ಹೋಗುತ್ತಿರುತ್ತವೆ. ಕುದುರೆಗಳಿಗೆ ಅವಸರವಿಲ್ಲ, ಡ್ರೈವರನಿಗೆ ಹಾರ್ನ್ ಹೊಡೆಯುವ ಧೈರ್ಯವಿಲ್ಲ. ಊರಿಗೆ ಒಂದೇ ಪೇಟೆಬೀದಿ, ಹೈ ಸ್ಟ್ರೀಟ್. ಎದುರುಬದುರು ಎರಡು ಪಬ್ಬು, ಒಂದರ ಗಿರಾಕಿ ಇನ್ನೊಂದರ ಹೊಸ್ತಿಲು ತುಳಿಯುವುದಿಲ್ಲ. ಒಂದು ಕೊಳ, ಅದರಲ್ಲಿ ಹನ್ನೊಂದು ಬಾತುಕೋಳಿ, ರಸ್ತೆಯಲ್ಲಿ ಬಾತುಕೋಳಿಗಳಿಗೆ ದಾರಿ ಬಿಡಿ ಎಂಬ ಬೋರ್ಡು. ಹಳೆಯ ಟೆಲಿಫೋನ್ ಪೆಟ್ಟಿಗೆಯೊಂದನ್ನು ಪುಸ್ತಕದ ಕಪಾಟು ಮಾಡಿದ್ದಾರೆ. ಹೊಲಗಳಾಚೆ ಮೋಟರ್‌ವೇಯ ಸದ್ದು ಹಗಲೂ ರಾತ್ರಿ ಗುಂಯ್ ಎನ್ನುತ್ತಿರುತ್ತದೆ, ಆದರೆ ಊರವರನ್ನು ಕೇಳಿದರೆ ಎಂಥ ಶಾಂತಿ ನೋಡಿ ಎನ್ನುತ್ತಾರೆ. ಕಸ ಒಯ್ಯುವುದು ಲಂಡನ್ನಿನ ಕೌನ್ಸಿಲ್, ಬಸ್ಸು ಲಂಡನ್ನಿನದು. ಆದರೂ ನೀವು ಲಂಡನ್ನಿನವರಲ್ಲವೇ ಎಂದರೆ ಮುಖ ಗಂಟು ಹಾಕಿ, ನಮ್ಮದು ಎಸೆಕ್ಸ್ ಜಿಲ್ಲೆ ಎನ್ನುತ್ತಾರೆ. ಲಕೋಟೆಯ ಮೇಲೆ ಇವತ್ತಿಗೂ ಹಾಗೆಯೇ ಬರೆಯುತ್ತಾರೆ. ಇಂಥವರ ಜೊತೆ ವಾದ ಮಾಡಬಾರದು ಎಂಬುದನ್ನು ನನಗೆ ಅಂಚೆ ಇಲಾಖೆ ಕಲಿಸಿದೆ.

ಕಳೆದ ಏಪ್ರಿಲ್‌ನಲ್ಲಿ ಮಗ ನಿತೀಶ ಇಲ್ಲಿ ಮನೆ ಕೊಂಡ. ಸೊಸೆ ಸ್ಫೂರ್ತಿಗೆ ಕ್ಯಾನರಿ ವಾರ್ಫಿನಲ್ಲಿ ಕೆಲಸ; ವಾರಕ್ಕೆ ಮೂರು ದಿನ ಮನೆಯಿಂದಲೇ ಮಾಡುತ್ತಾಳೆ, ಕಿಟಕಿಯಾಚೆ ಹಸಿರು ಬೇಕು ಎಂದು ಹಟ ಹಿಡಿದವಳು ಅವಳೇ. ನಾವಿಬ್ಬರೂ ಅವರ ಜೊತೆಗೇ ಬಂದೆವು. ನನಗೆ ಹಸಿರು ಒಗ್ಗಿತು. ನನ್ನ ಹೆಂಡತಿ ರತ್ನವ್ವನಿಗೆ ಒಗ್ಗಲಿಲ್ಲ.

"ಇದೇನ್ ಊರ್ರೀ ಇದು," ಎಂದಳು ಬಂದ ನಾಲ್ಕನೆಯ ದಿನ. "ಎಲ್ಲಾರೂ ಮಾರ್ನಿಂಗ್ ಅಂತಾರ, ಮುಂದ ಹೋಗತಾರ. ಒಬ್ಬರಾದ್ರೂ ನಿಂತು, ಏನ್ ಅಡಗಿ ಮಾಡೀ ಅಂತ ಕೇಳ್ಯಾರೇನು?"

"ಇಂಗ್ಲಿಷರು ಹಂಗೆಲ್ಲಾ ಕೇಳೂದಿಲ್ಲ ರತ್ನಾ."

"ಇಲ್ಫರ್ಡ್‌ನ್ಯಾಗ ಕೇಳ್ತಿದ್ರು."

ಇಲ್ಫರ್ಡಿನಲ್ಲಿ ಕೇಳುತ್ತಿದ್ದವನು ತರಕಾರಿ ಅಂಗಡಿಯ ಗುಜರಾತಿ ಮುದುಕ. ಇಪ್ಪತ್ತು ವರ್ಷ ಇವಳು ಅವನ ಜೊತೆ ಜಗಳಾಡಿದಳು, ಇಪ್ಪತ್ತು ವರ್ಷ ಅವನು ಇವಳ ಚೀಲಕ್ಕೆ ಕೊನೆಯಲ್ಲಿ ಒಂದು ಹಿಡಿ ಕೊತ್ತಂಬರಿಯನ್ನೋ ನಾಲ್ಕು ಹಸಿಮೆಣಸಿನಕಾಯಿಯನ್ನೋ ಎಸೆದ. ಅದು ಕೊಸರು. ಅಳತೆ ಮುಗಿದ ಮೇಲೆ, ದುಡ್ಡು ಕೊಟ್ಟ ಮೇಲೆ, ಮೇಲಿಷ್ಟು. ಕೊಸರಿಲ್ಲದ ವ್ಯಾಪಾರವನ್ನು ರತ್ನವ್ವ ವ್ಯಾಪಾರ ಎಂದು ಒಪ್ಪುವುದೇ ಇಲ್ಲ. ನವಲಗುಂದದ ಸಂತೆಯಲ್ಲಿ ಅವಳ ಅವ್ವ ಕೊಸರು ಹಾಕದ ಬದನೆಕಾಯಿಯವಳ ಬುಟ್ಟಿಗೇ ಕಾಯಿ ವಾಪಸು ಸುರಿದು ಬಂದಿದ್ದಳಂತೆ. ನಮ್ಮ ಮದುವೆಯ ಮಾತುಕತೆಯಾದಾಗಲೂ ಇಂಥದ್ದೊಂದು ಕೊಸರನ್ನು ಆ ತಾಯಿ ಕೇಳಿದ್ದರು. ಆ ಕತೆ ಇಲ್ಲಿ ಬೇಡ.

"ದೀಪಾವಳಿ ತನಕ ನೋಡತೇನಿ," ಎಂದು ರತ್ನವ್ವ ಗಡುವು ಹಾಕಿದಳು. "ಆಮ್ಯಾಲೆ ನಾ ಇಲ್ಫರ್ಡಿಗೆ ಹೋಗಿ ತಂಗಿ ಮನ್ಯಾಗ ಇರಾಕಿ. ನೀವು ಬೇಕಾದ್ರ ನಿಮ್ಮ ಬಾತುಕೋಳಿ ಕೂಡ ಇರ್ರಿ."

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ಆಡಿದ್ದನ್ನು ಮಾಡದೇ ಬಿಟ್ಟದ್ದು ನನಗೆ ನೆನಪಿಲ್ಲ. ತಮಾಷೆಯಂತೆ ನಕ್ಕೆ, ಆದರೆ ಎದೆಯಲ್ಲಿ ಭಯ ಕೂತಿತು. ಆ ನಲವತ್ತು ಹೆಜ್ಜೆಯ ಅಂಗಳದಲ್ಲಿ ಅವಳಿಲ್ಲದೆ ನಾನು ಒಂಟಿಯಾಗಿ ಏನು ಮಾಡಲಿ?

ಜುಲೈ ಹೊತ್ತಿಗೆ ಹೇಝಲ್ ಅಜ್ಜಿಯ ಮೇಜು ಸಿಕ್ಕಿತು. ಕೊಳದ ಎದುರಿಗೆ ಹಳೆಯ ತೋಟದ ಮನೆ, ಅದರ ಗೇಟಿನ ಮುಂದೆ ಒಂದು ಮರದ ಮೇಜು. ಶನಿವಾರ ಮುಂಜಾನೆ ಅದರ ಮೇಲೆ ತೋಟದ ತರಕಾರಿ ಇರುತ್ತದೆ: ಕಾಗದದ ಚೀಲಗಳಲ್ಲಿ ಟೊಮೆಟೊ, ದಾರ ಕಟ್ಟಿದ ಬೀನ್ಸ್, ಸೌತೆಕಾಯಿ, ಮೊಟ್ಟೆ. ಬೆಲೆ ಬರೆದ ಚೀಟಿ, ದುಡ್ಡು ಹಾಕಲು ಒಂದು ಬಿಸ್ಕತ್ತಿನ ಡಬ್ಬಿ. ಮಾರುವವರು ಯಾರೂ ಇಲ್ಲ. ನೀವೇ ದುಡ್ಡು ಹಾಕಬೇಕು, ನೀವೇ ಎತ್ತಿಕೊಳ್ಳಬೇಕು. ಹೇಝಲ್ ಅಜ್ಜಿಗೆ ಎಂಬತ್ತೆರಡು. ತೀರಿಹೋದ ಗಂಡ ನಲವತ್ತು ವರ್ಷದ ಹಿಂದೆ ಇಟ್ಟ ಮೇಜು. ಅದಕ್ಕೆ ಬೀಗವಿಲ್ಲ, ಕ್ಯಾಮರಾ ಇಲ್ಲ ಎಂಬುದು ಇಡೀ ಪೆಲ್‌ಹರ್ಸ್ಟಿನ ಹೆಮ್ಮೆ. ಹೊರಗಿನಿಂದ ನೆಂಟರು ಬಂದರೆ ಚರ್ಚಿಗಿಂತ ಮೊದಲು ಆ ಮೇಜನ್ನು ತೋರಿಸುತ್ತಾರೆ.

ರತ್ನವ್ವ ಮೊದಲ ದಿನ ಬಹಳ ಹೊತ್ತು ಗೇಟಿನ ಕಡೆ ನೋಡುತ್ತ ನಿಂತಳು. "ಯಾರ ಕೂಡ ಮಾತಾಡೂದು?" ಎಂದಳು. ಆದರೆ ಟೊಮೆಟೊ ಮೂಸಿ ನೋಡಿದವಳ ಮುಖ ಅರಳಿತು. ಅದು ನಿಜವಾದ ಟೊಮೆಟೊ, ಹುಳಿ ಇದ್ದದ್ದು. ಅಲ್ಲಿಂದ ಮುಂದೆ ಒಂದು ಶನಿವಾರವೂ ತಪ್ಪಿಸಲಿಲ್ಲ, ಒಬ್ಬಳೇ ಹೋಗಿ ಬರುತ್ತಿದ್ದಳು.

ಆಗಸ್ಟ್ ಕೊನೆಯಲ್ಲಿ ಮೇಜಿನ ಮೇಲೆ ಒಂದು ಚೀಟಿ ಬಂತು. ಸ್ಫೂರ್ತಿ ಅದರ ಫೋಟೋವನ್ನು ಊರಿನ ವಾಟ್ಸಾಪ್ ಗುಂಪಿನಲ್ಲಿ ನೋಡಿ ನಮಗೆ ಓದಿ ಹೇಳಿದಳು: "ಯಾರೋ ದುಡ್ಡು ಹಾಕದೆ ನನ್ನ ಮೇಜಿನಿಂದ ಎತ್ತಿಕೊಳ್ಳುತ್ತಿದ್ದಾರೆ. ಇದು ನಿಲ್ಲದಿದ್ದರೆ ಸೆಪ್ಟೆಂಬರ್ ಮುಗಿಯುವಾಗ ಮೇಜು ಒಳಗೆ ಹೋಗುತ್ತದೆ."

"ಥೂ! ಎಂಥಾ ಮಂದಿರೀ!" ರತ್ನವ್ವ ಹೌಹಾರಿದಳು. "ಎಂಬತ್ತು ವರ್ಷದ ಮುದುಕಿ ಮೇಜಿಗೆ ಕೈ ಹಾಕತಾವು. ಅವಕ್ಕ ಕೈಯರ ಹೆಂಗ ಬರ್ತಾವೋ!"

ಗುಂಪು ಕಾದ ಹೆಂಚಾಯಿತು. ಮುಂದಾಳತ್ವ ವಹಿಸಿದವನು ಡೆರೆಕ್, ನಿವೃತ್ತ ಬ್ಯಾಂಕ್ ಮ್ಯಾನೇಜರ್, ಕೆಲಸವಿಲ್ಲದೆ ಕೊರಗುತ್ತಿದ್ದವನು. ಅವನು ಒಂದು ತನಿಖೆಯನ್ನೇ ನಡೆಸಿದ. ಹೋಗುತ್ತಿರುವುದು ಟೊಮೆಟೊ, ಬೀನ್ಸ್, ಸೌತೆಕಾಯಿ. ಮೊಟ್ಟೆ ಒಂದೂ ಹೋಗಿಲ್ಲ. ಆದ್ದರಿಂದ ಕಳ್ಳ ಹಾಲು-ಮೊಟ್ಟೆಯನ್ನೂ ಮುಟ್ಟದ ವೀಗನ್ ಎಂದು ತೀರ್ಮಾನ ಕೊಟ್ಟ. ಊರಿನ ಇಬ್ಬರು ವೀಗನ್ ಹುಡುಗಿಯರು ಆ ವಾರ ತಲೆ ತಗ್ಗಿಸಿ ಓಡಾಡಿದರು. ಆಮೇಲೆ ಅವನೇ ಕಾವಲಿನ ಪಾಳಿ ಹಾಕಿದ. ಶನಿವಾರ ಎರಡು ತಾಸಿಗೆ ಇಬ್ಬರಂತೆ ಕೊಳದ ಬೆಂಚಿನ ಮೇಲೆ ಕೂತು ನೋಡಬೇಕು. ಯಾರು ಬರುತ್ತೀರಿ?

"ನನ್ನ ಹೆಸರು ಬರಿ," ಎಂದಳು ರತ್ನವ್ವ.

ನನ್ನ ಹೆಂಡತಿ ಅರಳಿದ್ದು ಹೀಗೆ. ಕಾವಲಿನ ಸಭೆ ಡೆರೆಕ್‌ನ ಅಂಗಳದಲ್ಲಿ ಸೇರಿದಾಗ ಒಂದು ಡಬ್ಬಿ ಚಕ್ಕುಲಿ ಒಯ್ದಳು. ಬರುವಾಗ ಆರು ಮಂದಿಯ ಹೆಸರು, ಅವರವರ ಮೊಣಕಾಲಿನ ಕತೆ, ಇಬ್ಬರ ಸೊಸೆಯಂದಿರ ಗುಣ ಎಲ್ಲ ತಿಳಿದುಕೊಂಡು ಬಂದಳು. ಹಾದಿಯಲ್ಲಿ ಈಗ ಜನ ನಿಲ್ಲುತ್ತಿದ್ದರು. "ಇವತ್ತು ಏನು ಅಡುಗೆ, ರತ್ನಾ?" ಎಂದು ಒಬ್ಬ ಇಂಗ್ಲಿಷ್ ಹೆಂಗಸು ಕೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಇಲ್ಫರ್ಡಿನ ಮಾತು ನಿಂತೇಹೋಯಿತು. ಆ ಕಳ್ಳನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಸೆಪ್ಟೆಂಬರಿನ ಮೊದಲ ಶನಿವಾರ ಒಂಬತ್ತರಿಂದ ಹನ್ನೊಂದು ನಮ್ಮ ಪಾಳಿ. ಫ್ಲಾಸ್ಕಿನಲ್ಲಿ ಚಹಾ, ಡಬ್ಬಿಯಲ್ಲಿ ಹಚ್ಚಿದ ಅವಲಕ್ಕಿ. ಸೈಕಲ್ಲಿನವನು ಬಂದ, ಡಬ್ಬಿಗೆ ದುಡ್ಡು ಹಾಕಿದ. ತಳ್ಳುಗಾಡಿಯಲ್ಲಿ ಕೂಸು ಹಾಕಿಕೊಂಡ ತಾಯಿ ಬಂದಳು, ಹಾಕಿದಳು. ಕುದುರೆಯ ಮೇಲಿಂದ ಒಬ್ಬಳು ಇಳಿದು ಹಾಕಿ ಹೋದಳು. ರತ್ನವ್ವ ಒಬ್ಬೊಬ್ಬರನ್ನೂ ಕಣ್ಣು ಕಿರಿದು ಮಾಡಿ ನೋಡಿದಳು. "ಇಂವ ಅಲ್ಲ," ಎಂದಳು. "ಇಕಿನೂ ಅಲ್ಲ. ಕಳ್ಳರ ನಡಿಗಿನ ಬ್ಯಾರೆ ಇರತೈತಿ."

ಹನ್ನೊಂದಕ್ಕೆ ಪಾಳಿ ಮುಗಿಯಿತು. ಅವಳು ಸೆರಗು ಕೊಡವಿ ಎದ್ದು, ತನ್ನ ಸಂತೆ ಮಾಡಲು ಮೇಜಿನ ಹತ್ತಿರ ಹೋದಳು. ಪರ್ಸು ತೆಗೆದು ಚಿಲ್ಲರೆಯನ್ನು ಡಬ್ಬಿಗೆ ಸದ್ದಾಗುವಂತೆ ಹಾಕಿದಳು. ಒಂದು ಚೀಲ ಟೊಮೆಟೊ ಎತ್ತಿ ಕೈಚೀಲಕ್ಕೆ ಇಟ್ಟಳು. ಆಮೇಲೆ ಪಕ್ಕದ ಚೀಲದ ಬಾಯಿ ಬಿಚ್ಚಿ, ಚೆಂದದ್ದೊಂದು ಟೊಮೆಟೊ ಆರಿಸಿ, ಅದನ್ನೂ ತನ್ನ ಚೀಲಕ್ಕೆ ಹಾಕಿ, ಪಕ್ಕದ ಚೀಲವನ್ನು ಮೊದಲಿದ್ದಂತೆ ಮಡಿಚಿಟ್ಟಳು. ಬೀನ್ಸಿನ ಇನ್ನೊಂದು ಕಟ್ಟಿನಿಂದ ನಾಲ್ಕು ಕಾಯಿ ಎಳೆದಳು. ಅಡಗಿಸುವ ಅವಸರವೇನೂ ಇರಲಿಲ್ಲ. ಮನೆಯಲ್ಲಿ ದೀಪ ಹಚ್ಚುವಷ್ಟೇ ಸಹಜವಾಗಿ ಮಾಡಿದಳು.

ನಾನು ಫ್ಲಾಸ್ಕಿನ ಮುಚ್ಚಳ ಹಾಕುವುದನ್ನು ಮರೆತೆ. ಪೆಲ್‌ಹರ್ಸ್ಟ್ ಹುಡುಕುತ್ತಿದ್ದ ಕಳ್ಳನನ್ನು ನಾನು ಮೂವತ್ತೆಂಟು ವರ್ಷದ ಹಿಂದೆಯೇ ತಾಳಿ ಕಟ್ಟಿ ಮನೆಗೆ ಕರೆತಂದಿದ್ದೆ.

"ಏನ್ರೀ, ಹಂಗ್ಯಾಕ ನೋಡಾಕತ್ತೀರಿ?" ಎಂದಳು.

"ಏನಿಲ್ಲ. ನಡಿ."

ಹೇಳಿಬಿಡಬೇಕಿತ್ತು. ಆದರೆ ಆ ದಾರಿಯಲ್ಲೇ ಎರಡು ಮನೆಯವರು ಅವಳನ್ನು ನಿಲ್ಲಿಸಿ ಮಾತಾಡಿಸಿದರು, ಅವಳು ಗಟ್ಟಿಯಾಗಿ ನಕ್ಕಳು. ಊರಿಗೆ ಬಂದು ಐದು ತಿಂಗಳ ಮೇಲೆ ಬಂದ ನಗು ಅದು. ಹೇಳಿದರೆ ಆ ನಗು ಹೋಗುತ್ತದೆ, ಅದರ ಹಿಂದೆಯೇ ಅವಳೂ ಇಲ್ಫರ್ಡಿಗೆ ಹೋಗುತ್ತಾಳೆ. ಹೇಳದಿದ್ದರೆ ಮೇಜು ಹೋಗುತ್ತದೆ. ವಾರವಿಡೀ ನಿದ್ದೆ ಸರಿಯಾಗಲಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಅಂಚೆಯವನ ಉಪಾಯ, ಬುದ್ಧಿವಂತನದಲ್ಲ. ಅವಳು ಒಂದು ತೆಗೆಯುವ ಮೊದಲೇ ನಾನು ಒಂದು ಹೆಚ್ಚಿಗೆ ಇಟ್ಟುಬಿಟ್ಟರೆ? ಮುಂಗಡ ಕೊಸರು!

ಮುಂದಿನ ಶನಿವಾರ ಏಳೂವರೆಗೇ ಎದ್ದು, ಸೂಪರ್‌ಮಾರ್ಕೆಟ್ಟಿನಿಂದ ಹಿಂದಿನ ದಿನ ತಂದಿಟ್ಟಿದ್ದ ಟೊಮೆಟೊಗಳನ್ನು ಕೋಟಿನ ಜೇಬಿಗೆ ತುಂಬಿಕೊಂಡು ಹೊರಟೆ. ಮೇಜಿನ ಬಳಿ ಯಾರೂ ಇರಲಿಲ್ಲ. ಮೊದಲ ಚೀಲದ ಬಾಯಿ ಬಿಚ್ಚಿ ಕೈ ಒಳಗಿಟ್ಟೆ.

"ಗುಡ್ ಮಾರ್ನಿಂಗ್, ಆ್ಯಡಿ."

ಅಡಿವೆಪ್ಪ ಎಂಬ ನನ್ನ ಹೆಸರು ಡೆರೆಕ್‌ನ ಬಾಯಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಪುಸ್ತಕದ ಕಪಾಟಾಗಿದ್ದ ಟೆಲಿಫೋನ್ ಪೆಟ್ಟಿಗೆಯ ಹಿಂದಿನಿಂದ ಅವನು ಬಂದ. ನನ್ನ ಕೈ ನೋಡಿದ, ಚೀಲ ನೋಡಿದ, ಆಮೇಲೆ ಆಕಾಶ ನೋಡಿದ.

"ಮಧ್ಯಾಹ್ನ ಮಳೆ ಬರಬಹುದು," ಎಂದ.

ಇಂಗ್ಲಿಷರ ಸಭ್ಯತೆಗಿಂತ ಎರಡು ಏಟು ವಾಸಿ. ನಿಜ ಹೇಳಹೋದರೆ ಹೆಂಡತಿಯ ಹೆಸರು ಹೇಳಬೇಕಾಗುತ್ತಿತ್ತು. "ಹೌದು, ಬರಬಹುದು," ಎಂದು ಮನೆಗೆ ಬಂದೆ.

ನಾನು ಬರುವಷ್ಟರಲ್ಲಿ ಸುದ್ದಿ ಬಂದಿತ್ತು. ಸ್ಫೂರ್ತಿ ಫೋನು ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದಳು. ಗುಂಪಿಗೆ ಡೆರೆಕ್ ಬರೆದದ್ದು ಎರಡೇ ಸಾಲು: ಮೇಜಿನ ವಿಷಯ ಬಗೆಹರಿದಿದೆ, ಹೆಸರು ಬೇಡ, ಕಾವಲು ಇನ್ನು ಸಾಕು. ಸ್ಫೂರ್ತಿಗೆ ಮಾತ್ರ ಬೇರೆಯಾಗಿ ಬರೆದಿದ್ದ.

"ಮಾವಾರ, ನಿಮ್ಮನ್ನ ಒಮ್ಮೆ ಜಿಪಿ ಡಾಕ್ಟರ್ ಕಡೆ ತೋರಸಬೇಕಂತ," ಎಂದಳು, ಅಳಬೇಕೋ ನಗಬೇಕೋ ತಿಳಿಯದೆ. "ಈ ವಯಸ್ಸಿನ್ಯಾಗ ಮರುವು ಆಗತೈತಿ, ತಪ್ಪ ತಿಳ್ಕೊಬ್ಯಾಡ್ರಿ ಅಂತ ಬರದಾರ."

ರತ್ನವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನೀವು? ಕಳುವು?"

ಅವಳು ಹಿಟ್ಟಿನ ಕೈಯಲ್ಲೇ ಬಂದು ನನ್ನ ಕೋಟಿನ ಜೇಬಿಗೆ ಕೈ ಹಾಕಿದಳು. ಐದು ಟೊಮೆಟೊ ಹೊರಬಂದವು, ಒಂದೊಂದರ ಮೇಲೂ ಸೂಪರ್‌ಮಾರ್ಕೆಟ್ಟಿನ ಚೀಟಿ. ಅವನ್ನು ಕಟ್ಟೆಯ ಮೇಲೆ ಸಾಲಾಗಿಟ್ಟು ನೋಡಿದಳು.

"ಕದಿಯಾಂವ ಮನಿಯಿಂದ ಟೊಮೆಟೊ ಯಾಕ ಒಯ್ತಾನ?" ಎಂದಳು. "ನೀವು ತಗೀಲಿಲ್ಲ. ಇಟ್ಟೀರಿ. ಯಾರ ಸಲುವಾಗಿ?"

ಪೊಲೀಸು ಇಲಾಖೆ ಒಬ್ಬ ಒಳ್ಳೆಯ ಅಧಿಕಾರಿಯನ್ನು ಕಳೆದುಕೊಂಡಿದೆ ಎಂದು ಎಷ್ಟೋ ಸಲ ನನಗೆ ಅನ್ನಿಸಿದ್ದಿದೆ. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ.

"ನಿನ್ನ ಕೊಸರು, ರತ್ನಾ," ಎಂದೆ. "ಮಂದಿ ಹುಡುಕಾಕತ್ತಿದ್ದು ಅದನ್ನ."

ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ನಾ ರೊಕ್ಕ ಹಾಕೇನಲ್ರೀ," ಎಂದಳು ಮೊದಲು. ಆಮೇಲೆ, "ಕೊಡಾಕ ಅಲ್ಲೆ ಯಾರೂ ಇರಲಿಲ್ಲ, ಅದಕ್ಕ ನಾನ ಹಾಕ್ಕೊಂಡೆ," ಎಂದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು, ಸ್ಫೂರ್ತಿ ಒಲೆ ಆರಿಸಿದಳು.

"ಅತ್ತೀ, ಬಿಟ್ಟುಬಿಡ್ರಿ," ಎಂದಳು ಸ್ಫೂರ್ತಿ. "ಇನ್ನ ಮ್ಯಾಲೆ ತಗೋಬ್ಯಾಡ್ರಿ, ಮುಗೀತು. ಯಾರಿಗೂ ಗೊತ್ತಾಗೂದಿಲ್ಲ."

"ಇವರನ್ನ ಕಳ್ಳ ಅಂತ ತಿಳ್ಕೊಂಡಾರಲ್ಲ. ಅದು ಮುಗೀತೇನು?" ರತ್ನವ್ವ ಕೈ ತೊಳೆದು, ಒಳಗೆ ಹೋಗಿ, ಮದುವೆ ಮುಂಜಿಗೆ ಉಡುವ ಇಳಕಲ್ ಸೀರೆ ಉಟ್ಟು ಬಂದಳು. "ನಡ್ರಿ."

ಹೇಝಲ್ ಅಜ್ಜಿ ಬಾಗಿಲು ತೆರೆದಳು. ಉದ್ದನೆಯ ಒಣಕಲು ಹೆಂಗಸು, ಕೈಗೆ ಮಣ್ಣು ಮೆತ್ತಿತ್ತು. ರತ್ನವ್ವ ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ಕ್ರಿಯಾಪದಗಳು ಅಲ್ಲಲ್ಲಿ ಬಿದ್ದುಹೋದರೂ ಅರ್ಥ ಒಂದಿಷ್ಟೂ ಬೀಳಲಿಲ್ಲ. ಗಂಡ ಕಳ್ಳನಲ್ಲ, ತೆಗೆದವಳು ನಾನು. ನಮ್ಮ ಕಡೆ ಸಾಮಾನು ಕೊಂಡ ಮೇಲೆ ಮಾರುವವಳು ಒಂದು ಮೇಲೆ ಹಾಕುತ್ತಾಳೆ. ಇಲ್ಲಿ ಮಾರುವವಳೇ ಇರಲಿಲ್ಲ.

ಅಜ್ಜಿ ಕೊನೆಯವರೆಗೂ ಕೇಳಿಸಿಕೊಂಡಳು. "ನಿಮಗೆ ಒಂದು ವಿಷಯ ಗೊತ್ತೇ?" ಎಂದಳು. "ನಾನು ಪ್ರತಿ ಚೀಲಕ್ಕೆ ಆರು ಎಣಿಸಿ ಹಾಕುತ್ತೇನೆ. ನಿಮ್ಮ ನಂತರ ಬಂದವರಿಗೆ ಮನೆಯಲ್ಲಿ ಐದು ಸಿಗುತ್ತಿದ್ದವು. ಮೂರು ಮಂದಿ ನನಗೆ ಬಂದು ಹೇಳಿದರು. ನಲವತ್ತು ವರ್ಷದಲ್ಲಿ ಮೊದಲ ಸಲ ಜನ ನಾನೇ ಮೋಸ ಮಾಡುತ್ತೇನೆ ಎಂದುಕೊಂಡರು. ಟೊಮೆಟೊ ಹೋದರೆ ಹೋಗಲಿ. ಆ ಮಾತನ್ನು ನನಗೆ ತಡೆದುಕೊಳ್ಳಲಾಗಲಿಲ್ಲ."

ರತ್ನವ್ವನ ಕಣ್ಣು ತುಂಬಿದವು. ಕೊಸರು ಮಾರುವವಳ ರಾಶಿಯಿಂದ ಬರುತ್ತದೆಂದು ಅವಳು ನಂಬಿದ್ದಳು. ಬಂದದ್ದು ಪಕ್ಕದವರ ಪಾಲಿನಿಂದ, ಕೆಟ್ಟದ್ದು ಈ ಮುದುಕಿಯ ಹೆಸರು. "ಸಾರಿ," ಎಂದಳು. ಆ ಒಂದು ಮಾತನ್ನು ಅವಳು ನನಗೆ ಇಷ್ಟು ವರ್ಷದಲ್ಲಿ ಅಷ್ಟು ಸ್ಪಷ್ಟವಾಗಿ ಹೇಳಿದ್ದಿಲ್ಲ.

"ಬಂದು ಹೇಳಿದ್ದಕ್ಕೆ ಧನ್ಯವಾದ," ಎಂದು ಹೇಝಲ್ ಅಜ್ಜಿ ಬಾಗಿಲು ಹಾಕಿಕೊಂಡಳು. ಜೋರಾಗಿಯೂ ಅಲ್ಲ, ಮೆತ್ತಗೂ ಅಲ್ಲ.

ಡೆರೆಕ್‌ನ ಮನೆಗೂ ಹೋದಳು. ಸಭೆಗೆ ಬಂದಿದ್ದ ಆರು ಮನೆಗಳಿಗೂ ಹೋಗಿ ಅದೇ ಮಾತು ಹೇಳಿದಳು. ಡೆರೆಕ್ ನನ್ನ ಕೈಯನ್ನು ಬಹಳ ಹೊತ್ತು ಕುಲುಕಿದ, ಕಣ್ಣು ತಪ್ಪಿಸಿದ. ಆ ವಾರ ಹಾದಿಯಲ್ಲಿ ಯಾರೂ ಅವಳನ್ನು ಅಡುಗೆ ಏನೆಂದು ಕೇಳಲಿಲ್ಲ. ಕೇಳಲು ಅವಳು ಹಾದಿಗೇ ಇಳಿಯಲಿಲ್ಲ. ಗುರುವಾರ ಮಂಚದ ಕೆಳಗಿಂದ ದೊಡ್ಡ ಸೂಟ್‌ಕೇಸು ಹೊರಬಂತು. ತಂಗಿಗೆ ಫೋನು ಮಾಡಿ, ಭಾನುವಾರ ಬರತೇನಿ ಎಂದಳು. ದೀಪಾವಳಿಗೆ ಇನ್ನೂ ತಿಂಗಳಿಗಿಂತ ಹೆಚ್ಚಿತ್ತು. ಅವಳ ಸೀರೆಗಳನ್ನು ಮಡಿಚಿ ಕೊಟ್ಟೆ, ಅಷ್ಟೇ.

ಶನಿವಾರ ಬೆಳಿಗ್ಗೆ ಕೈಚೀಲ ಹಿಡಿದು ಬಂದಳು. "ಒಮ್ಮೆ ಹೋಗಿ ಸರಿಯಾಗಿ ತರತೇನಿ. ಹಂಗ ಹೋದ್ರ ಓಡಿ ಹೋದಂಗ ಆಗತೈತಿ."

ಮೇಜು ಇತ್ತು. ಅದರ ಪಕ್ಕದಲ್ಲಿ, ನಲವತ್ತು ವರ್ಷದಲ್ಲಿ ಯಾರೂ ಕಾಣದ ಒಂದು ಕುರ್ಚಿಯೂ ಇತ್ತು. ಅದರಲ್ಲಿ ಹೇಝಲ್ ಅಜ್ಜಿ ಮೊಣಕಾಲ ಮೇಲೆ ಕಂಬಳಿ ಹೊದ್ದು ಕೂತಿದ್ದಳು. ನಮ್ಮ ಹಿಂದೆ ಡೆರೆಕ್ ಮತ್ತು ಇನ್ನಿಬ್ಬರು ಸಾಲು ನಿಂತರು. ರತ್ನವ್ವ ಯಾರ ಮುಖವನ್ನೂ ನೋಡದೆ ದುಡ್ಡು ಹಾಕಿದಳು, ಒಂದು ಚೀಲ ಟೊಮೆಟೊ ತೆಗೆದುಕೊಂಡಳು, ತಿರುಗಿದಳು. ಚೀಲವಿದ್ದರೂ ಅವಳ ಕೈ ಬರಿದಾದಂತೆ ನನಗೆ ಕಂಡಿತು.

"ನಿಲ್ಲಿ," ಎಂದಳು ಅಜ್ಜಿ.

ಕಂಬಳಿಯ ಕೆಳಗಿಂದ ಒಂದು ಬಟ್ಟಲು ತೆಗೆದಳು. ಅದರಲ್ಲಿ ಬಿಡಿ ಟೊಮೆಟೊಗಳಿದ್ದವು. ಒಂದನ್ನು ಎತ್ತಿ, ಕೈ ಚಾಚಿ, ರತ್ನವ್ವನ ಚೀಲಕ್ಕೆ ಹಾಕಿದಳು. "ಹೀಗೆಯೇ ತಾನೇ?" ಎಂದು ಕೇಳಿದಳು.

ರತ್ನವ್ವ ಚೀಲದೊಳಗೆ ಬಗ್ಗಿ ನೋಡಿದಳು. ನೋಡಿದಳು, ನೋಡುತ್ತಲೇ ಇದ್ದಳು. ಅಳುತ್ತಾಳೆ ಎಂದು ನಾನು ಕರವಸ್ತ್ರಕ್ಕೆ ಜೇಬಿಗೆ ಕೈ ಹಾಕಿದೆ.

"ಸ್ಮಾಲ್," ಎಂದಳು.

ಹೇಝಲ್ ಅಜ್ಜಿ ಹುಬ್ಬೇರಿಸಿ ಇವಳನ್ನು ನೋಡಿದಳು, ಬಟ್ಟಲನ್ನು ನೋಡಿದಳು. ಆಮೇಲೆ ಇದ್ದುದರಲ್ಲೇ ದೊಡ್ಡದನ್ನು ಹುಡುಕಿ ತೆಗೆದು, ಸಣ್ಣದನ್ನು ವಾಪಸು ಕೇಳದೆ, ಅದನ್ನೂ ಹಾಕಿದಳು. ಇಬ್ಬರೂ ಒಟ್ಟಿಗೇ ನಕ್ಕರು. ಡೆರೆಕ್ ತನ್ನ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡು, ನನ್ನ ಬೀನ್ಸಿಗೂ ಏನಾದರೂ ಉಂಟೇ ಎಂದು ಕೇಳಿದ.

ಮನೆಗೆ ಬಂದವಳೇ ಟೊಮೆಟೊಗಳನ್ನು ಕಟ್ಟೆಯ ಮೇಲಿಟ್ಟು, ಚಪ್ಪಲಿ ಕೂಡ ಬಿಡದೆ, ತಂಗಿಗೆ ಫೋನು ಹಚ್ಚಿದಳು.

"ನಾ ಬರೂದಿಲ್ಲವಾ," ಎಂದಳು. "ಇಲ್ಲೆ ಕೊಸರು ಕೊಡಾಕತ್ಯಾರ."